ಶಾಸಕಿ ಲೋಕಸಭೆಗೆ ನಿಂತರೆ: ನಾನು ಮಾಡಿಸುವ ಅಣಕು ನಾಮಪತ್ರ

ನಾನು ಚಿಕ್ಕಮಗಳೂರಿನಲ್ಲಿ ವಕೀಲೆ. ಬಿಡುವಿದ್ದ ಭಾನುವಾರ ಗ್ರಾಮ ಪಂಚಾಯಿತಿ ಸದಸ್ಯೆಯರಿಗೆ, ಸ್ತ್ರೀಶಕ್ತಿ ಸಂಘದವರಿಗೆ ಚುನಾವಣಾ ಕಾನೂನು ಹೇಳಿಕೊಡುತ್ತೇನೆ. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರದ್ದು. ಆದರೂ ಲೋಕಸಭೆ ಅಂದ ಕೂಡಲೇ "ಅದೆಲ್ಲ ದೊಡ್ಡವರದ್ದು ಮೇಡಂ" ಅಂತಾರೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದಿದ್ದು ಇಲ್ಲಿಂದಲೇ. 2014 ಮತ್ತು 2019ರಲ್ಲಿ ಇಲ್ಲಿಂದ ಗೆದ್ದ ಶೋಭಾ ಕರಂದ್ಲಾಜೆ ಅದಕ್ಕೂ ಮೊದಲು ಯಶವಂತಪುರದ ಶಾಸಕಿ. ಈ ಹೆಸರುಗಳು ಎಲ್ಲರಿಗೂ ಗೊತ್ತು. ವಿಧಾನಸಭೆಯಿಂದ ಲೋಕಸಭೆಗೆ ಹೋಗುವ ದಾರಿ ಹೇಗಿರುತ್ತದೆ ಅನ್ನೋದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಅದಕ್ಕೇ ಒಂದು ಅಭ್ಯಾಸ ಮಾಡಿಸುತ್ತೇನೆ. ಒಬ್ಬರು ಲೋಕಸಭೆಗೆ ನಿಂತ ಶಾಸಕಿ, ಇನ್ನೊಬ್ಬರು ಚುನಾವಣಾಧಿಕಾರಿ. ಶಾಸಕಿಯ ಕೈಗೆ ಲೋಕಸಭೆಯ ನಾಮಪತ್ರ, ಅಂದರೆ ನಮೂನೆ 2ಎ ಕೊಡುತ್ತೇನೆ. ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 12,500. ಮಾನ್ಯತೆ ಪಡೆದ ಪಕ್ಷದವರಾದರೆ ಹೆಸರು ಸೂಚಿಸುವ ಒಬ್ಬ ಮತದಾರ, ಅಂದರೆ ಸೂಚಕ, ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಇಷ್ಟು ಬೇಗ ಮುಗಿಯುತ್ತದೆ.

ಹೊತ್ತು ಹಿಡಿಯುವುದು ನಮೂನೆ 26ರ ಪ್ರಮಾಣಪತ್ರ (ಅಫಿಡವಿಟ್). ಅದರಲ್ಲಿ ತನ್ನದಷ್ಟೇ ಅಲ್ಲ, ಗಂಡನ ಆಸ್ತಿ, ಸಾಲ, ಆದಾಯ ತೆರಿಗೆಯ ವಿವರವನ್ನೂ ಬರೆಯಬೇಕು. ಇಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಮನೆಯ ಚಿನ್ನ ಗ್ರಾಂ ಲೆಕ್ಕದಲ್ಲಿ ಬಾಯಿಗೆ ಬರುತ್ತದೆ. ಆದರೆ ಸೊಸೈಟಿಯಲ್ಲಿ ಗಂಡನ ಹೆಸರಲ್ಲಿರುವ ಸಾಲ ಎಷ್ಟು, ತೋಟದ ಪಹಣಿ ಯಾರ ಹೆಸರಲ್ಲಿದೆ, ತವರಿನ ಆಸ್ತಿ ವಿಭಾಗ ಆಗಿದೆಯಾ ಅಂದರೆ ಉತ್ತರ ಇಲ್ಲ. ಜಾಗ ಖಾಲಿ ಬಿಡುವ ಹಾಗೂ ಇಲ್ಲ. ಖಾಲಿ ಬಿಟ್ಟು, ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಮುಂದಿನ ಸಲ ಬರುವಾಗ ಮನೆಯ ಪಹಣಿ, ಪಾಸ್‌ಬುಕ್, ಸಾಲದ ಕಾಗದ ನೋಡಿಕೊಂಡು ಬನ್ನಿ ಅನ್ನುತ್ತೇನೆ. ಚುನಾವಣೆಗೆ ನಿಲ್ಲಲಿ, ಬಿಡಲಿ, ಇದನ್ನು ಪ್ರತಿ ಹೆಂಗಸೂ ತಿಳಿದಿರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ನಕ್ಷೆ ಹರಡುತ್ತೇವೆ. ಉಡುಪಿ ಚಿಕ್ಕಮಗಳೂರು ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಘಟ್ಟದ ಕೆಳಗೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಕಡೂರಿನವರು ಬಂದಿದ್ದರೆ "ನಮ್ಮದೆಲ್ಲಿ?" ಅಂತ ಹುಡುಕುತ್ತಾರೆ. ಜಿಲ್ಲೆ ಇದೇ ಆದರೂ ಅವರ ಓಟು ಹಾಸನ ಲೋಕಸಭೆಗೆ. ಮೂಡಿಗೆರೆಯ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಬಟವಾಡೆ, ಆನೆ ಕಾಟದ ಮಾತು. ಕುಂದಾಪುರದ ಕಡಲ ಬದಿಯಲ್ಲಿ ಮೀನುಗಾರರ ಮಾತು. ಒಂದೇ ಭಾಷಣ ಎರಡೂ ಕಡೆ ನಡೆಯಲ್ಲ, ಅಲ್ವಾ?

ಖರ್ಚಿನ ಲೆಕ್ಕ ನಾನು ಬೋರ್ಡ್ ಮೇಲೆ ಬರೆದೇ ತೋರಿಸುತ್ತೇನೆ. 2022ರಿಂದ ನಮ್ಮ ರಾಜ್ಯದಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಲೋಕಸಭೆಗೇ ಜಾಸ್ತಿ ಅನ್ನಿಸುತ್ತದೆ. ಎಂಟರಿಂದ ಭಾಗಿಸಿ ನೋಡಿ. ಒಂದು ವಿಧಾನಸಭಾ ಕ್ಷೇತ್ರಕ್ಕೆ 12 ಲಕ್ಷವೂ ಬರಲ್ಲ. ತನ್ನ ಕ್ಷೇತ್ರದಲ್ಲಿ 40 ಲಕ್ಷದವರೆಗೆ ಖರ್ಚು ಮಾಡಬಹುದಾಗಿದ್ದ ಶಾಸಕಿ ಈಗ ಅದರ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಓಡಾಡಬೇಕು. ಇಂಥ ಕಡೆ ಬೂತ್ ಬೂತಿನಲ್ಲಿ ಪರಿಚಯ ಇರುವ ಹೆಂಗಸರೇ ಆಧಾರ. ಸಂಘದವರಿಗೆ ತಮ್ಮ ಬೆಲೆ ಗೊತ್ತಾಗುವುದು ಈ ಲೆಕ್ಕ ನೋಡಿದಾಗಲೇ. ಖರ್ಚಿಗೆ ಬ್ಯಾಂಕಿನಲ್ಲಿ ಬೇರೆಯೇ ಖಾತೆ ತೆರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಸಂಘದ ಪುಸ್ತಕ ಬರೆದು ಪಳಗಿದವರಿಗೆ ಇದು ಕಷ್ಟವೇ ಅಲ್ಲ.

ಪ್ರತಿ ಸಲ ಬರುವ ಪ್ರಶ್ನೆ ಒಂದಿದೆ: "ನಿಲ್ಲುವ ಮೊದಲು ಶಾಸಕಿ ರಾಜೀನಾಮೆ ಕೊಡಬೇಕಾ?" ಬೇಡ. ಸೋತರೆ ಶಾಸಕಿಯಾಗಿಯೇ ಮುಂದುವರಿಯುತ್ತಾರೆ. ಗೆದ್ದರೆ, ಗೆಜೆಟ್‌ನಲ್ಲಿ ಫಲಿತಾಂಶ ಪ್ರಕಟವಾದ 14 ದಿನದೊಳಗೆ ವಿಧಾನಸಭೆಗೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ ಕೈತಪ್ಪುವುದು ಸಂಸತ್ತಿನ ಸ್ಥಾನ. ಖಾಲಿಯಾದ ವಿಧಾನಸಭಾ ಸ್ಥಾನಕ್ಕೆ ಸಾಮಾನ್ಯವಾಗಿ 6 ತಿಂಗಳೊಳಗೆ ಉಪಚುನಾವಣೆ ಬರುತ್ತದೆ.

"ಆ ಸೀಟಿಗೆ ಯಾರು ನಿಲ್ತೀರಿ?" ಅಂತ ಕೇಳುತ್ತೇನೆ. ಕೈ ಎತ್ತಿದವರಿಗೆ ವಿಧಾನಸಭೆಯ ನಮೂನೆ 2ಬಿ ಕೊಟ್ಟು, ಮತ್ತೆ ಮೊದಲ ಪುಟದಿಂದ ತುಂಬಿಸಲು ಕೂರಿಸುತ್ತೇನೆ.