ಚರ್ಚ್‌ಗೆ ಕಡಿಮೆ ಖರ್ಚಿನ ಇಂಟರ್ನೆಟ್: ಕೊಡಗಿನ ಮಳೆ, ಕರೆಂಟು, ನೆಟ್‌ವರ್ಕ್‌ಗೆ ಹೊಂದುವಂತೆ ಮಾಡುವುದು ಹೇಗೆ?

ಶನಿವಾರ ಸಂಜೆ ಕೊಡಗಿನ ಯಾವುದಾದರೂ ಹೋಮ್‌ಸ್ಟೇಯಲ್ಲಿ ಕೂತು, ನಾಳೆ ಹತ್ತಿರದ ಚರ್ಚಿನಲ್ಲಿ ಪೂಜೆ ಎಷ್ಟು ಗಂಟೆಗೆ ಅಂತ ಫೋನಿನಲ್ಲಿ ಹುಡುಕಿ ನೋಡಿ. ಚರ್ಚಿನ ಹೆಸರು ಸಿಗುತ್ತದೆ, ಸಮಯ ಸಿಗುವುದು ಕಷ್ಟ. ಸಿಕ್ಕರೂ ಅದು ಈಗಿನದ್ದಾ, ಹಿಂದಿನ ಫಾದರ್ ಇದ್ದಾಗಿನದ್ದಾ ಅಂತ ಗೊತ್ತಾಗುವುದಿಲ್ಲ. ಇದು ಪ್ರವಾಸಿಗರ ತೊಂದರೆ ಮಾತ್ರ ಅಲ್ಲ. ಸಿದ್ದಾಪುರದ ಕಡೆ ತೋಟದ ಕೆಲಸಕ್ಕೆ ಹೊಸದಾಗಿ ಬಂದ ಕುಟುಂಬಕ್ಕೆ ತಮಿಳು ಪೂಜೆ ಯಾವ ವಾರ ಅಂತ ತಿಳಿಯಬೇಕು. ದುಬೈಯಲ್ಲಿರುವ ಮಗಳಿಗೆ ಅಜ್ಜಿಯ ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಅಂತ ತಿಳಿಯಬೇಕು.

ಇಂಥ ಮಾಹಿತಿ ಕೊಡುವ ಚರ್ಚಿನ ವೆಬ್‌ಪುಟ, ವಾಟ್ಸಾಪ್ ಚಾನೆಲ್, ಪ್ರಸಂಗದ ಆಡಿಯೊ ಇದಕ್ಕೆಲ್ಲ ದೊಡ್ಡ ಬಜೆಟ್ ಬೇಕು ಅಂತ ಪ್ಯಾರಿಷ್ ಕೌನ್ಸಿಲ್‌ನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ವರ್ಷಕ್ಕೆ ಒಂದೆರಡು ಸಾವಿರ ರೂಪಾಯಿ ಮತ್ತು ಚರ್ಚಿನ ನಂಬರಿನ ರೀಚಾರ್ಜ್, ಇಷ್ಟರಲ್ಲಿ ನಡೆಯುತ್ತದೆ. ಎರಡು ವಿಷಯ ಮಾತ್ರ ಬಿಡಬಾರದು. ಎಲ್ಲವೂ ಚರ್ಚಿನ ಹೆಸರಿನಲ್ಲಿರಬೇಕು, ಮತ್ತು ಎಲ್ಲವೂ ಹಗುರವಾಗಿರಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ತೆರೆದುಕೊಳ್ಳದ ವೆಬ್‌ಸೈಟ್ ಕೊಡಗಿನಲ್ಲಿ ಇದ್ದೂ ಇಲ್ಲದ ಹಾಗೆ.

ಮೊದಲು ಖಾತೆ, ಆಮೇಲೆ ವೆಬ್‌ಸೈಟ್

ಚರ್ಚಿನ ಹೆಸರಿನಲ್ಲಿ ಒಂದು ಸಿಮ್ ತೆಗೆದುಕೊಳ್ಳಿ, ಆ ನಂಬರ್ ಹಾಕಿ ಒಂದು ಜಿಮೇಲ್ ಖಾತೆ ತೆರೆಯಿರಿ. ಮುಂದೆ ಮಾಡುವುದೆಲ್ಲ ಈ ಖಾತೆಯಿಂದಲೇ. ಇದೇ ಅತಿ ಮುಖ್ಯವಾದ ಹೆಜ್ಜೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಯುವಜನ ಕೂಟದ ಒಬ್ಬ ಹುಡುಗ ಉತ್ಸಾಹದಿಂದ ತನ್ನ ಸ್ವಂತ ಐಡಿಯಲ್ಲೇ ವೆಬ್‌ಸೈಟು, ಫೇಸ್‌ಬುಕ್ ಪುಟ, ಯೂಟ್ಯೂಬ್ ಚಾನೆಲ್ ಎಲ್ಲ ಮಾಡಿಕೊಡುತ್ತಾನೆ, ಒಂದೆರಡು ವರ್ಷಕ್ಕೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ, ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ. ಅವನದ್ದೇನೂ ತಪ್ಪಿಲ್ಲ. ಚರ್ಚಿನ ಖಾತೆ ಅಂತ ಒಂದನ್ನು ನಾವು ಕೊಟ್ಟಿರಲೇ ಇಲ್ಲವಲ್ಲ. ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ ನಮ್ಮ ಕೆಥೊಲಿಕ್ ಚರ್ಚ್‌ಗಳಲ್ಲಿ ಫಾದರ್‌ಗಳಿಗೆ ವರ್ಗಾವಣೆ ಇದ್ದೇ ಇದೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಪಾಸ್ಟರ್‌ಗಳಿಗೂ ಅಷ್ಟೇ. ಹಾಗಾಗಿ ಯಾರ ಸ್ವಂತ ನಂಬರೂ ಬೇಡ.

ಖಾತೆ ತೆರೆದ ಕೂಡಲೇ ಎರಡು ಹಂತದ ಪರಿಶೀಲನೆಯನ್ನು, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ವ್ಯವಸ್ಥೆಯನ್ನು, ಆನ್ ಮಾಡಿ. ಆಗ ಗೂಗಲ್ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಒಂದೊಂದೂ 8 ಅಂಕಿಯದ್ದು, ಒಂದನ್ನು ಒಮ್ಮೆ ಮಾತ್ರ ಬಳಸಬಹುದು. ಅದನ್ನು ಪ್ರಿಂಟ್ ಮಾಡಿ, ಲಕೋಟೆಯಲ್ಲಿ ಹಾಕಿ, ಜ್ಞಾನಸ್ನಾನದ ರಿಜಿಸ್ಟರ್ ಇಡುವ ಬೀರುವಿನಲ್ಲೇ ಇಡಿ. ಫೋನ್ ಕಳೆದರೂ, ಮಳೆಗೆ ನೆನೆದು ಹಾಳಾದರೂ ಆ ಹಾಳೆ ಇದ್ದರೆ ಒಳಗೆ ಹೋಗಬಹುದು. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ, ಹತ್ತು ಜನಕ್ಕೆ ಬೇಡ.

ಸಿಮ್ ರೀಚಾರ್ಜ್ ತಪ್ಪಿಸಬೇಡಿ. ನಿಂತುಹೋದ ನಂಬರನ್ನು ಕಂಪನಿಯವರು ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತಾರೆ, ಆಮೇಲೆ ಓಟಿಪಿ ಹೋಗುವುದು ಅವರಿಗೆ. ಹಾಗೇ ಎರಡು ವರ್ಷ ಮುಟ್ಟದೇ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮ ಗೂಗಲ್‌ನಲ್ಲಿದೆ. ತಿಂಗಳಿಗೊಮ್ಮೆಯಾದರೂ ಲಾಗಿನ್ ಆಗಿ.

ಮ್ಯಾಪ್‌ನಲ್ಲಿ ಸರಿ ಮಾಡಿ

ವೆಬ್‌ಸೈಟ್‌ಗಿಂತ ಮೊದಲು ಇದನ್ನು ಮಾಡಿ ಅಂತ ನಾನು ಹೇಳುತ್ತೇನೆ. ಕಾಸಿಲ್ಲದ ಕೆಲಸ, ಲಾಭ ಮಾತ್ರ ಜಾಸ್ತಿ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಚರ್ಚನ್ನು ಹುಡುಕಿ, ಅದರ ಬಿಸಿನೆಸ್ ಪ್ರೊಫೈಲ್ (ಹೆಸರು, ಸಮಯ, ಫೋನ್ ನಂಬರ್ ತೋರಿಸುವ ಪುಟ) ನಮ್ಮದು ಅಂತ ಅರ್ಜಿ ಹಾಕಿ. ಪರಿಶೀಲನೆಗೆ ಸಾಮಾನ್ಯವಾಗಿ ಒಂದು ವಿಡಿಯೊ ಕೇಳುತ್ತಾರೆ: ರಸ್ತೆ, ಚರ್ಚಿನ ಬೋರ್ಡು, ಆಮೇಲೆ ನೀವೇ ಕೀಲಿ ಹಾಕಿ ಕಚೇರಿ ಬಾಗಿಲು ತೆಗೆಯುವುದು, ಇಷ್ಟನ್ನು ನಡುವೆ ನಿಲ್ಲಿಸದೆ ತೆಗೆದರೆ ಸಾಕು.

ಒಪ್ಪಿಗೆ ಬಂದ ಮೇಲೆ ಪಿನ್ ಎಲ್ಲಿದೆ ನೋಡಿ. ತೋಟದ ರಸ್ತೆಗಳಲ್ಲಿ ಪಿನ್ ಸ್ವಲ್ಪ ಆಚೀಚೆ ಆದರೂ ಕಾರು ಬೇರೆ ಎಸ್ಟೇಟಿನ ಗೇಟಿಗೆ ಹೋಗಿ ನಿಲ್ಲುತ್ತದೆ. ಪಿನ್ ನಿಮ್ಮ ಗೇಟಿನ ಮೇಲೇ ಇರಲಿ. ಪೂಜೆ ಯಾವ ಭಾಷೆಯಲ್ಲಿ, ಎಷ್ಟು ಗಂಟೆಗೆ ಅಂತ ಬರೆಯಿರಿ. ಗುಡ್ ಫ್ರೈಡೇ, ಕ್ರಿಸ್‌ಮಸ್, ವಾರ್ಷಿಕ ಹಬ್ಬಕ್ಕೆ ವಿಶೇಷ ಸಮಯ ಹಾಕುವ ಜಾಗ ಅಲ್ಲೇ ಇದೆ. ಮಡಿಕೇರಿಯವರಿಗೆ ಇದು ಇನ್ನೂ ಮುಖ್ಯ. ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ವಸ್ತುಸಂಗ್ರಹಾಲಯ, ಅಲ್ಲಿ ಆರಾಧನೆ ಇಲ್ಲ. ಹೊರಗಿನಿಂದ ಬಂದವರಿಗೆ ಅದು ಗೊತ್ತಿರಬೇಕು ಅಂತೇನೂ ಇಲ್ಲ, ಆರಾಧನೆ ನಡೆಯುವ ಚರ್ಚು ಯಾವುದು ಅಂತ ಮ್ಯಾಪೇ ಹೇಳಬೇಕು.

ಒಂದೇ ಪುಟ ಸಾಕು

ಅದೇ ಜಿಮೇಲ್ ಖಾತೆಯಿಂದ ಗೂಗಲ್ ಸೈಟ್ಸ್ ತೆರೆದರೆ ಉಚಿತವಾಗಿ ವೆಬ್‌ಪುಟ ಮಾಡಬಹುದು. ಕೋಡ್ ಬರೆಯುವುದು ಬೇಡ, ಹೋಸ್ಟಿಂಗ್ ಅಂತ ವರ್ಷವರ್ಷ ಕಟ್ಟುವುದೂ ಬೇಡ. ಪುಟದ ಮೇಲ್ಭಾಗದಲ್ಲಿ ಪೂಜೆ, ಆರಾಧನೆಯ ಸಮಯ. ಕೆಳಗೆ ಫೋನ್ ನಂಬರ್, ದಾರಿ, ಮದುವೆ ಮತ್ತು ಜ್ಞಾನಸ್ನಾನಕ್ಕೆ ಯಾವ್ಯಾವ ಕಾಗದ ತರಬೇಕು ಅನ್ನುವ ಪಟ್ಟಿ. ಈ ಪಟ್ಟಿಯೊಂದು ಇದ್ದರೆ ದೂರದ ತೋಟದಿಂದ ಬಸ್ ಹಿಡಿದು ಬಂದವರು ಒಂದು ಕಾಗದಕ್ಕಾಗಿ ವಾಪಸ್ ಹೋಗುವುದು ತಪ್ಪುತ್ತದೆ. ಆಮೇಲೆ ಚರ್ಚಿನ ಇತಿಹಾಸ ನಾಲ್ಕು ಸಾಲು. 1792ರಲ್ಲಿ ದೊಡ್ಡ ವೀರರಾಜೇಂದ್ರರ ಕಾಲದಲ್ಲಿ ಶುರುವಾದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಂಥ ಚರ್ಚ್ ಇರುವ ಜಿಲ್ಲೆ ಇದು, ಹೇಳಿಕೊಳ್ಳುವುದಕ್ಕೆ ನಮ್ಮಲ್ಲಿ ಬೇಕಾದಷ್ಟಿದೆ. ಆದರೆ ಸಮಯದ ಪಟ್ಟಿಗಿಂತ ಇತಿಹಾಸ ಮೇಲೆ ಬರುವುದು ಬೇಡ.

ಬರೆಯುವುದನ್ನು ಯೂನಿಕೋಡ್ ಕನ್ನಡದಲ್ಲೇ, ಅಂದರೆ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಕನ್ನಡದಲ್ಲೇ, ಬರೆಯಿರಿ. ಚರ್ಚ್ ಕಚೇರಿಯ ಕಂಪ್ಯೂಟರ್‌ಗಳಲ್ಲಿ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಕಟಣೆಗಳು ಬೇಕಾದಷ್ಟು ಇರುತ್ತವೆ. ಅವನ್ನು ಹಾಗೇ ಕಾಪಿ ಮಾಡಿ ಹಾಕಿದರೆ ಓದುವವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣಿಸುತ್ತದೆ. ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇವೆ, ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಸರಿ ಮಾಡಬೇಕು. ಪ್ರಕಟಣೆಯ ಫೋಟೊ ತೆಗೆದು ಹಾಕುವುದು ಸುಲಭ ನಿಜ, ಆದರೆ ಫೋಟೊದೊಳಗಿನ ಕನ್ನಡವನ್ನು ಹುಡುಕಿ ತೆಗೆಯುವುದು ಕಷ್ಟ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಕಷ್ಟ. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ ಮಿಷನರಿ ಹರ್ಮನ್ ಮೊಗ್ಲಿಂಗ್, ಮುಂದಿನ ದಶಕದಲ್ಲಿ ಬಾಸೆಲ್ ಮಿಷನ್ ಕೆಲಸಕ್ಕೆ ಬಂದಿದ್ದು ನಮ್ಮ ಕೊಡಗಿಗೇ. ಕನ್ನಡ ಓದುವವರ ಕೈಗೆ ಕನ್ನಡದಲ್ಲೇ ಸುದ್ದಿ ತಲುಪಿಸಿದ ಪರಂಪರೆ ಇರುವ ಸಭೆಗಳು ಇಂಗ್ಲಿಷ್ ಪುಟ ಮಾತ್ರ ಮಾಡಿ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಫೋಟೊ ಹಾಕುವಾಗ ತೂಕ ನೋಡಿ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೊ 4 ಎಂಬಿವರೆಗೂ ಇರಬಹುದು, ಅಂಥ ಹತ್ತು ಹಾಕಿದರೆ 40 ಎಂಬಿ ಆಯಿತು. ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ಹಾಕಿ 200 ಕೆಬಿಗೆ ಇಳಿಸಿ. ಫೋನಿನ ಪರದೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಸ್ವಂತ ವಿಳಾಸ ಬೇಕು ಅನ್ನಿಸಿದರೆ ಡಾಟ್ ಇನ್ ಡೊಮೇನ್ ಕೊಳ್ಳಿ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಮೊದಲ ವರ್ಷದ ಕಡಿಮೆ ದರ ನೋಡಿ ಮರುಳಾಗಬೇಡಿ, ನವೀಕರಣಕ್ಕೆ ಎಷ್ಟು ಅಂತ ಮೊದಲೇ ನೋಡಿ. ನವೀಕರಣದ ತಾರೀಕನ್ನು ಚರ್ಚ್ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿ. ತಪ್ಪಿದರೆ ಬೇರೆ ಯಾರೋ ಆ ಹೆಸರನ್ನು ಕೊಂಡು ಜೂಜಿನ ಜಾಹೀರಾತು ಹಾಕುತ್ತಾರೆ, ಇಂಥದ್ದು ನಿಜವಾಗಿ ನಡೆಯುತ್ತದೆ.

ವಾಟ್ಸಾಪ್: ಗ್ರೂಪ್ ಬೇಡ, ಚಾನೆಲ್ ಮಾಡಿ

ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಎಷ್ಟೋ ಹೆಣ್ಣುಮಕ್ಕಳು ಚರ್ಚ್ ಗ್ರೂಪ್ ಬಿಟ್ಟು ಹೋಗುವುದು ಇದೇ ಕಾರಣಕ್ಕೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಜೊತೆಗೆ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಅಂತ್ಯಕ್ರಿಯೆಯ ಸುದ್ದಿ ಕಳೆದುಹೋಗುತ್ತದೆ. ಚಾನೆಲ್‌ನಲ್ಲಿ ಹಾಗಿಲ್ಲ. ಬರೆಯುವವರು ನೀವು ಮಾತ್ರ, ಸೇರಿದವರ ನಂಬರ್ ಮತ್ತೊಬ್ಬ ಸದಸ್ಯರಿಗೆ ಕಾಣುವುದಿಲ್ಲ. ಚಾನೆಲ್‌ನ ಕ್ಯೂಆರ್ ಕೋಡನ್ನು ಪ್ರಿಂಟ್ ಮಾಡಿ ಚರ್ಚ್ ಬಾಗಿಲ ಹತ್ತಿರ ಅಂಟಿಸಿ. ಚಾನೆಲ್ ಯಾರು ಬೇಕಾದರೂ ನೋಡಬಹುದು, ಹಾಗಾಗಿ ಆಸ್ಪತ್ರೆಯಲ್ಲಿರುವವರ ಕಾಯಿಲೆ, ಮನೆ ವಿಳಾಸ ಇಂಥದ್ದನ್ನು ಅಲ್ಲಿ ಹಾಕಬಾರದು. ಚರ್ಚ್ ಸಿಮ್‌ನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡರೆ, ಕಚೇರಿ ಮುಚ್ಚಿದ್ದಾಗ ಮೆಸೇಜ್ ಮಾಡಿದವರಿಗೆ ಪೂಜೆಯ ಸಮಯ ತಾನಾಗಿಯೇ ಹೋಗುವಂತೆ ಇಡಬಹುದು. ಅದಕ್ಕೂ ದುಡ್ಡಿಲ್ಲ.

ಪ್ರಸಂಗದ ಆಡಿಯೊ: ಕೊಡಗಿಗೆ ಹೇಳಿ ಮಾಡಿಸಿದ್ದು

ಎಲ್ಲರೂ ಮೊದಲು ಕೇಳುವುದು ಲೈವ್ ಬಗ್ಗೆ. ನಾನು ಆಡಿಯೊ ಬಗ್ಗೆ ಹೇಳುತ್ತೇನೆ, ಯಾಕೆ ಅಂತ ಲೆಕ್ಕ ನೋಡಿ. ಸಾಧಾರಣ ಗುಣಮಟ್ಟದ ವಿಡಿಯೊ 1 ಎಂಬಿಪಿಎಸ್ ವೇಗದಲ್ಲಿ ಹೋದರೆ ಗಂಟೆಗೆ 450 ಎಂಬಿ ತಿನ್ನುತ್ತದೆ. 20 ನಿಮಿಷದ ಪ್ರಸಂಗವನ್ನು 64 ಕೆಬಿಪಿಎಸ್ ಆಡಿಯೊ ಮಾಡಿದರೆ 10 ಎಂಬಿಯೊಳಗೆ ಮುಗಿಯುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಂದೇ ಫೋನನ್ನು ನಾಲ್ಕು ಜನ ಬಳಸುವಲ್ಲಿ, ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ ಟವರ್ ಬಂದು ಹೋಗುತ್ತಿರುವಲ್ಲಿ, ಮಂಡಿನೋವಿನಿಂದ ಮಳೆಗಾಲ ಪೂರ್ತಿ ಮನೆಯಲ್ಲೇ ಇರುವ ಅಜ್ಜಿಗೆ ಈ 10 ಎಂಬಿ ತಲುಪುತ್ತದೆ, ಲೈವ್ ತಲುಪುವುದಿಲ್ಲ.

ರೆಕಾರ್ಡಿಂಗ್‌ಗೆ ಒಂದು ಹಳೆಯ ಫೋನ್ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಸರಿಯಾಗಿ ಸುವಾರ್ತೆಯ ಹೊತ್ತಿಗೇ ಕಾಲ್ ಬರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಕಾಲರ್ ಮೈಕನ್ನು ಫಾದರ್ ಅಂಗಿಗೆ ಸಿಕ್ಕಿಸಿ, ಗಲ್ಲದಿಂದ ಒಂದು ಗೇಣು ಕೆಳಗೆ. ಫೋನನ್ನು ಸ್ಪೀಕರ್ ಪಕ್ಕದಲ್ಲಿ ಇಡಬೇಡಿ, ಶೀಟಿನ ಮೇಲೆ ಬೀಳುವ ಮಳೆಯ ಸದ್ದೇ ದೊಡ್ಡದಾಗಿ ದಾಖಲಾಗುತ್ತದೆ. ಮೈಕು ಬಾಯಿಗೆ ಹತ್ತಿರ ಇದ್ದಷ್ಟೂ ಮಳೆ ದೂರ ಹೋಗುತ್ತದೆ. ಆಮೇಲೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಹಿಂದೆ ಮುಂದೆ ಕತ್ತರಿಸಿ, ಮೋನೊದಲ್ಲಿ ಉಳಿಸಿ, ಭಾನುವಾರ ಮಧ್ಯಾಹ್ನದೊಳಗೆ ಚಾನೆಲ್‌ಗೆ ಹಾಕಿ. ಫೈಲಿನ ಹೆಸರಿನಲ್ಲಿ ತಾರೀಕು, ಭಾಷೆ ಇರಲಿ.

ಲೈವ್ ಬೇಕೇ ಬೇಕು ಅಂದರೆ

ವಾರ್ಷಿಕ ಹಬ್ಬಕ್ಕೆ, ಹೊರದೇಶದಲ್ಲಿ ಮಕ್ಕಳಿರುವ ಮನೆಯ ಅಂತ್ಯಕ್ರಿಯೆಗೆ ಮಾಡಿ. ಯೂಟ್ಯೂಬ್‌ನಲ್ಲಿ ಲೈವ್ ಮೊದಲ ಸಲ ಆನ್ ಮಾಡಿದಾಗ 24 ಗಂಟೆವರೆಗೆ ಕಾಯಬೇಕಾಗುತ್ತದೆ, ಫೋನಿನಿಂದಲೇ ಲೈವ್ ಮಾಡಲು 50 ಚಂದಾದಾರರು ಇರಬೇಕು. ಇದನ್ನು ಹಬ್ಬದ ಬೆಳಿಗ್ಗೆ ನೆನಪು ಮಾಡಿಕೊಂಡರೆ ಪ್ರಯೋಜನವಿಲ್ಲ. ಹಿಂದಿನ ಭಾನುವಾರ ಅದೇ ಹೊತ್ತಿಗೆ ಅಪ್‌ಲೋಡ್ ವೇಗ ಪರೀಕ್ಷೆ ಮಾಡಿ, ಡೌನ್‌ಲೋಡ್ ವೇಗ ಇಲ್ಲಿ ಲೆಕ್ಕಕ್ಕಿಲ್ಲ. ವೇಗ ಸಾಲದಿದ್ದರೆ ವಿಡಿಯೊದ ಗುಣಮಟ್ಟವನ್ನು 480ಪಿಗೆ ಇಳಿಸಿ. ಅಂತ್ಯಕ್ರಿಯೆಯನ್ನು ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಅನ್‌ಲಿಸ್ಟೆಡ್‌ನಲ್ಲಿಡಿ. ಕರೋಕೆ ಟ್ರ್ಯಾಕ್ ಹಾಕಿ ಹಾಡಿದರೆ ಹಕ್ಕುಸ್ವಾಮ್ಯದ ತಕರಾರು ಬಂದು ವಿಡಿಯೊದ ಸದ್ದು ನಿಲ್ಲಬಹುದು. ನಮ್ಮದೇ ಕ್ವಯರ್, ನಮ್ಮದೇ ಕೀಬೋರ್ಡ್ ಒಳ್ಳೆಯದು.

ಕರೆಂಟು, ಸಿಡಿಲು

ರೂಟರ್‌ಗೆ ದೊಡ್ಡ ಇನ್ವರ್ಟರ್ ಬೇಡ. ಹೆಚ್ಚಿನವು 12 ವೋಲ್ಟ್‌ನಲ್ಲಿ ನಡೆಯುತ್ತವೆ, ಅದಕ್ಕೇ ಅಂತ ಮಿನಿ ಯುಪಿಎಸ್ ಸಿಗುತ್ತದೆ, ಕರೆಂಟ್ ಹೋದರೂ ಕೆಲವು ಗಂಟೆ ಎಳೆಯುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮಾತ್ರ ಪ್ಲಗ್ ತೆಗೆಯುವುದೊಂದೇ ಉಪಾಯ. ಫೈಬರ್ ತಂತಿಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ ಅಂತ ಧೈರ್ಯ ಮಾಡಬೇಡಿ, ಕರೆಂಟಿನ ತಂತಿಯಲ್ಲಿ ಬಂದೇ ಬರುತ್ತದೆ.

ಕಾಣಿಕೆಯ ಕ್ಯೂಆರ್

ಇಲ್ಲಿ ಸಡಿಲ ಬಿಡಬೇಡಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಬರುವ ಹೆಸರು ಚರ್ಚಿನದ್ದೇ ಇರಬೇಕು, ಖಜಾಂಚಿಯದ್ದೋ ಫಾದರ್‌ದೋ ಅಲ್ಲ. ಬ್ಯಾಂಕಿನಲ್ಲಿ ಚರ್ಚ್ ಅಥವಾ ಟ್ರಸ್ಟ್ ಹೆಸರಿನ ಖಾತೆಗೇ ಕ್ಯೂಆರ್ ಮಾಡಿಸಿ. ಅಂಟಿಸಿದ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಮೋಸ ಮಾಡುವವರಿದ್ದಾರೆ, ವಾರಕ್ಕೊಮ್ಮೆ ಒಂದು ರೂಪಾಯಿ ಹಾಕಿ ನೋಡಿ. ಖಾತೆ ನಂಬರನ್ನು ವೆಬ್‌ಸೈಟ್‌ನಲ್ಲಿ ಹಾಕುವ ಮುಂಚೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ನೆನಪಿರಲಿ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮವರು ಕುವೈತ್‌ನಿಂದಲೋ ದುಬೈಯಿಂದಲೋ ಬ್ಯಾಂಕ್ ಮೂಲಕ ಕಳಿಸಿದ ಸ್ವಂತ ದುಡ್ಡು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು ಆಗುತ್ತದೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅಷ್ಟೇ. ಅದನ್ನು ಪಡೆಯಲು ಎಫ್‌ಸಿಆರ್‌ಎ ಅನುಮತಿ ಬೇಕು, 2020ರ ತಿದ್ದುಪಡಿಯ ನಂತರ ದುಡ್ಡು ಮೊದಲು ಬರಬೇಕಾದದ್ದು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಹಾಗಾಗಿ ಈ ವಿಷಯವನ್ನು ಧರ್ಮಕ್ಷೇತ್ರದ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ, ಪುಟದಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದೂ ಹಾಕಿ.

ಮಕ್ಕಳ ಫೋಟೊ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳು, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಕಾಯ್ದೆ ಇರಲಿ ಬಿಡಲಿ, ಮಗುವಿನ ಮುಖ, ಹೆಸರು, ಶಾಲೆ ಮೂರನ್ನೂ ಒಟ್ಟಿಗೆ ಇಂಟರ್ನೆಟ್‌ಗೆ ಹಾಕುವುದು ಅಪಾಯ. ಪ್ರಥಮ ಪರಮಪ್ರಸಾದದ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ: ಫೋಟೊವನ್ನು ಚರ್ಚಿನ ಪುಟದಲ್ಲಿ ಹಾಕಬಹುದೇ, ಹೌದು ಅಥವಾ ಬೇಡ, ತಂದೆತಾಯಿಯ ಸಹಿ. ಹೌದು ಅಂದವರದ್ದೂ ಗುಂಪು ಫೋಟೊ ಮಾತ್ರ ಹಾಕಿ, ಕೆಳಗೆ ಹೆಸರು ಬರೆಯಬೇಡಿ. ಬೇಡ ಅಂದವರನ್ನು ಕಾರಣ ಕೇಳಲು ಹೋಗಬೇಡಿ. ಆಮೇಲೆ ಯಾರಾದರೂ ಬಂದು ತೆಗೆಯಿರಿ ಅಂದರೆ ಅದೇ ದಿನ ತೆಗೆಯಿರಿ, ಚಾನೆಲ್‌ನಲ್ಲಿ ಹಾಕಿದ್ದನ್ನೂ ಸೇರಿಸಿ.