ಗಾಜಿನ ಮೇಲೆ ಚಿನ್ನದ ಅಕ್ಷರ: ಕೈಯಾರೆ ಕೂರಿಸುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಒಬ್ಬರು ನನ್ನ ಹತ್ತಿರ ಒಂದು ಗಾಜಿನ ಫಲಕ ತಂದಿದ್ದರು. ಹೊಸ ಮನೆಗೆ ಹೆಸರು ಬರೆಯಬೇಕೆಂದು ತಾವೇ ಕೂತು ಚಿನ್ನದ ರೇಕು ಹಚ್ಚಿದ್ದರು. ಒಂದು ಪುಸ್ತಕ ರೇಕು, ಅಂದರೆ 25 ಹಾಳೆ, ಪೂರ್ತಿ ಖರ್ಚಾಗಿತ್ತು. ಮುಂದಿನಿಂದ ನೋಡಿದರೆ ಹೊಳಪೇ ಇಲ್ಲ. ಅಲ್ಲಲ್ಲಿ ಬೆರಳಚ್ಚು, ನಡುವೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು. "ಸರ್, ರೇಕೇ ಸರಿ ಇಲ್ಲ ಅನ್ಸುತ್ತೆ" ಎಂದರು. ರೇಕು ಚೆನ್ನಾಗಿಯೇ ಇತ್ತು. ಗಾಜಿನ ಜಿಡ್ಡು ಹೋಗಿರಲಿಲ್ಲ, ಅಂಟು ಜಾಸ್ತಿಯಾಗಿತ್ತು, ಒದ್ದೆ ಇರುವಾಗಲೇ ಚಿನ್ನದ ಮೇಲೆ ಕೈ ಇಟ್ಟಿದ್ದರು. ಈ ಮೂರು ತಪ್ಪನ್ನು ಎಷ್ಟು ಜನರ ಕೈಯಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ದುಬಾರಿ ಸಾಮಾನು ಹಾಳಾಗುವುದಕ್ಕಿಂತ, ಆಸೆಪಟ್ಟು ಕೂತವರು ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ, ನನಗೆ ಬೇಜಾರು ಅದಕ್ಕೆ.

ಈ ಕೆಲಸದಲ್ಲಿ ಚಿನ್ನ ಕೂರುವುದು ಗಾಜಿನ ಹಿಂಬದಿಗೆ. ನಾವು ಅದನ್ನು ಗಾಜಿನ ಮೂಲಕ ನೋಡುತ್ತೇವೆ. 19ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಪಬ್‌ಗಳ ಗಾಜು, ಅಮೆರಿಕದ ಬ್ಯಾಂಕುಗಳ ಮತ್ತು ವಕೀಲರ ಕಚೇರಿಗಳ ಕಿಟಕಿ ಮಿನುಗುತ್ತಿದ್ದದ್ದು ಇದೇ ಕೆಲಸದಿಂದ. ರೋಮನ್ನರು 4ನೇ ಶತಮಾನದಲ್ಲೇ ಎರಡು ಗಾಜಿನ ನಡುವೆ ಚಿನ್ನದ ರೇಕು ಇಟ್ಟು ಬಟ್ಟಲಿನ ತಳ ಅಲಂಕರಿಸುತ್ತಿದ್ದರು. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲೂ ಚಿನ್ನದ ರೇಕು ಇದೆ. ಆದರೆ ಅಲ್ಲಿ ಮಕ್ಕಿ ಸಫೇದ ಎಂಬ ಲೇಪದಿಂದ ಉಬ್ಬು ಎಳೆದು, ಅದರ ಮೇಲೆ ಚಿನ್ನ ಒತ್ತುತ್ತಾರೆ. ಗಾಜಿನಲ್ಲಿ ಒತ್ತುವ ಹಾಗೇ ಇಲ್ಲ. ರೇಕಿನ ಅಡಿ ಒಂದು ಕೂದಲು ಸಿಕ್ಕಿಕೊಂಡರೆ ಫಲಕ ಇರುವಷ್ಟು ದಿನ ಆ ಕೂದಲೂ ಕಾಣುತ್ತಲೇ ಇರುತ್ತದೆ.

ಏನೇನು ಬೇಕು

ಮೊದಲ ಸಲಕ್ಕೆ 30 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ, 5 ಮಿ.ಮೀ. ದಪ್ಪದ ಗಾಜು ಸಾಕು. ಅಂಗಡಿಯಲ್ಲೇ ಅಂಚು ಉಜ್ಜಿಸಿಕೊಳ್ಳಿ. ಅಕ್ರಿಲಿಕ್ ಹಾಳೆ ತರಬೇಡಿ, ಅದರ ಮೇಲೆ ಅಂಟುನೀರು ಹರಡುವುದಿಲ್ಲ, ಹನಿಹನಿಯಾಗಿ ನಿಲ್ಲುತ್ತದೆ.

ರೇಕು 23 ಕ್ಯಾರೆಟ್ಟಿನದು, ಬಿಡಿ ಹಾಳೆಯದು ಆಗಬೇಕು. ಕಾಗದಕ್ಕೆ ಅಂಟಿಸಿದ ರೇಕೂ ಸಿಗುತ್ತದೆ, ಗಾಜಿನ ಕೆಲಸಕ್ಕೆ ಅದು ಬೇಡ. ಒಂದು ಹಾಳೆ ಸುಮಾರು 8 ಸೆಂ.ಮೀ. ಚೌಕ. 25 ಹಾಳೆ ಸೇರಿದರೂ ತೂಕ ಅರ್ಧ ಗ್ರಾಂ ದಾಟುವುದಿಲ್ಲ. ತಾಮ್ರ-ಸತುವಿನ ಹಾಳೆಯನ್ನು 'ಗೋಲ್ಡ್ ಲೀಫ್' ಅಂತ ಕಡಿಮೆ ಬೆಲೆಗೆ ಮಾರುತ್ತಾರೆ. ಅದು ಕಾಗೆ ಬಂಗಾರ, ದಿನ ಕಳೆದಂತೆ ಕಪ್ಪಾಗುತ್ತದೆ. ಕಲಿಯುವುದಕ್ಕೂ ಅದನ್ನು ತರಬೇಡಿ. ದಪ್ಪ ಜಾಸ್ತಿ ಇರುವುದರಿಂದ ಕೈಗೆ ತಪ್ಪು ಅಭ್ಯಾಸ ಕೂರುತ್ತದೆ. ನಿಜವಾದ ರೇಕಿನ ಎರಡು ಹಾಳೆಯನ್ನು ಒಂದು ಗಾಜಿನ ಚೂರಿನ ಮೇಲೆ ಹಾಕಿ ಕಲಿಯಿರಿ.

ಇನ್ನು ರೇಕು ಎತ್ತುವ ಚಪ್ಪಟೆ ಬ್ರಷ್. ಎರಡು ರಟ್ಟಿನ ನಡುವೆ ಅಳಿಲಿನ ಕೂದಲು ತೆಳ್ಳಗೆ ಹರಡಿರುತ್ತದೆ, ಇದಕ್ಕೆ 'ಟಿಪ್' ಅನ್ನುತ್ತಾರೆ. ಎರಡು ಇಟ್ಟುಕೊಳ್ಳಿ, ಒಂದು ಒದ್ದೆಯಾದರೆ ಇನ್ನೊಂದು ಬೇಕು. ಅಂಟುನೀರಿಗೆ ಎರಡು ಇಂಚಿನ ಮೆತ್ತನೆಯ ಬ್ರಷ್, ಹತ್ತಿ, ಸ್ಪಿರಿಟ್, ಸೀಮೆಸುಣ್ಣದ ನುಣ್ಣನೆ ಪುಡಿ, ಖಾಲಿ ಜೆಲಟಿನ್ ಕ್ಯಾಪ್ಸೂಲ್, ಡಿಸ್ಟಿಲ್ಡ್ ವಾಟರ್. ರೇಕು ಕೂರಿಸಲು ಇಷ್ಟೇ.

ಅಕ್ಷರ ತಿರುಗಿಸುವುದು

ಅಕ್ಷರವನ್ನು ಬಟರ್ ಪೇಪರಿನ ಮೇಲೆ ನೇರವಾಗಿಯೇ ಬರೆಯಿರಿ. ಗೆರೆಯ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ಮುಂದೆ ಚಿನ್ನ ಕೂರಿಸಿದ ಮೇಲೆ ಈ ಕಾಗದ ತಿರುಗಿಸಿ ಗಾಜಿನ ಹಿಂಬದಿಗೆ ಇಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ತಿರುವು-ಮುರುವು ಅಕ್ಷರ ಚುಕ್ಕಿಯಾಗಿ ಇಳಿಯುತ್ತದೆ. ಕಾಗದ ತಿರುಗಿಸುವುದನ್ನೇ ಮರೆಯುವವರು ಬಹಳ. ಅದಕ್ಕೆ ನಾನು ಕಾಗದದ ಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ 'ಮುಂದೆ' ಅಂತ ಬರೆಯುತ್ತೇನೆ. ತಟ್ಟುವಾಗ ಆ 'ಮುಂದೆ' ಉಲ್ಟಾ ಕಂಡರೆ ಕೆಲಸ ಸರಿ ಇದೆ ಎಂದರ್ಥ.

ಕನ್ನಡ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ತಲೆಕಟ್ಟಿನ ತುದಿ ಬಲಕ್ಕೆ ಮೇಲೇರುವುದು ನಮ್ಮ ಕೈಗೆ ಚಿಕ್ಕಂದಿನಿಂದ ರೂಢಿ. ಹಿಂಬದಿಯಲ್ಲಿ ಅದು ಎಡಕ್ಕೆ ಏರಬೇಕು. ಚುಕ್ಕಿ ಕಣ್ಣೆದುರೇ ಇದ್ದರೂ ಬ್ರಷ್ ಹಿಡಿದ ಕೈ ತಾನಾಗಿ ಬಲಕ್ಕೆ ಎಳೆಯುತ್ತದೆ. ಎಲ್ಲ ತಲೆಕಟ್ಟುಗಳನ್ನು ಮೊದಲು ಒಟ್ಟಿಗೆ ಎಳೆದುಬಿಡಿ, ಆಮೇಲೆ ಮೈ ತುಂಬಿ. ಒತ್ತಕ್ಷರಗಳನ್ನು ತೀರಾ ಚಿಕ್ಕದು ಮಾಡಬೇಡಿ. 5 ಮಿ.ಮೀ.ಗಿಂತ ಸಣ್ಣ ಹೊಟ್ಟೆ ಇರುವ ಅಕ್ಷರದ ಒಳಗಿನ ಚಿನ್ನ ಒರೆಸುವುದು ಬಹಳ ಕಷ್ಟ.

ಗಾಜು ತೊಳೆಯುವುದು

ಸೋಪಿನಿಂದ ತೊಳೆದ ಗಾಜು ಶುದ್ಧವಾಗಿರುತ್ತದೆ ಎಂದು ನಂಬಬೇಡಿ. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಹತ್ತಿಯಿಂದ ಉಜ್ಜಿ ತೆಗೆಯಿರಿ. ಎರಡು ಸಲ ಹೀಗೆ ಮಾಡಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಸುರಿದು ನೋಡಿ. ನೀರು ಒಂದೇ ಪದರವಾಗಿ ಇಳಿದರೆ ಗಾಜು ತಯಾರು. ಎಲ್ಲಾದರೂ ಪದರ ಒಡೆದು ದ್ವೀಪದ ಹಾಗೆ ಒಣ ಜಾಗ ಬಿಟ್ಟರೆ ಅಲ್ಲಿ ಜಿಡ್ಡಿದೆ, ಮತ್ತೆ ಉಜ್ಜಬೇಕು. ಇಲ್ಲಿಂದ ಮುಂದೆ ಗಾಜನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಪೇಟೆಯಲ್ಲಿ ಸಿಗುವ ಗಾಜು ಒರೆಸುವ ನೀಲಿ ಸ್ಪ್ರೇ ಬೇಡ, ಅದು ಏನಾದರೂ ಉಳಿಸಿಯೇ ಹೋಗುತ್ತದೆ.

ಅಂಟುನೀರು

ಅರ್ಧ ಲೀಟರ್ ನೀರಿಗೆ '00' ಅಳತೆಯ ಒಂದೇ ಒಂದು ಖಾಲಿ ಜೆಲಟಿನ್ ಕ್ಯಾಪ್ಸೂಲ್. ತೂಕ ಸುಮಾರು 0.12 ಗ್ರಾಂ. "ಇಷ್ಟರಲ್ಲಿ ಏನು ಅಂಟುತ್ತೆ?" ಅಂತ ಎಲ್ಲರೂ ಕೇಳುತ್ತಾರೆ, ಕೇಳಿ ಇನ್ನೆರಡು ಹಾಕುತ್ತಾರೆ. ಆ ಹಾಲಿನಂಥ ಮಬ್ಬು ಬರುವುದು ಅಲ್ಲಿಂದಲೇ. ಚಿನ್ನಕ್ಕೂ ಗಾಜಿಗೂ ನಡುವೆ ಅಂಟು ಇದ್ದೂ ಇಲ್ಲದ ಹಾಗಿರಬೇಕು.

ಒಂದು ಲೋಟ ನೀರನ್ನು ಬಿಸಿ ಮಾಡಿ, ಕ್ಯಾಪ್ಸೂಲ್ ಹಾಕಿ ಸ್ಟೀಲ್ ಚಮಚದಿಂದ ಕದಡಿ. ಪೂರ್ತಿ ಕರಗಿದ ಮೇಲೆ ಉಳಿದ ನೀರು ಸೇರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಕುದಿಸಬಾರದು, ಕುದಿಸಿದರೆ ಜೆಲಟಿನ್ನಿನ ಹಿಡಿತ ಹೋಗುತ್ತದೆ. ಅವತ್ತು ಮಾಡಿದ್ದನ್ನು ಅವತ್ತೇ ಬಳಸಿ, ಮಿಕ್ಕಿದ್ದನ್ನು ಚೆಲ್ಲಿ.

ಬೋರ್‌ವೆಲ್ ನೀರು ಖಂಡಿತ ಬೇಡ. ಅದರ ಉಪ್ಪು ಒಣಗಿ ಚಿನ್ನದ ಹಿಂದೆ ಚುಕ್ಕಿ ಬಿಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಆಸಿಡ್ ಡಬ್ಬ ಅಲ್ಲ ಎಂದು ಚೀಟಿ ಓದಿ ತನ್ನಿ. ಇನ್ನೊಂದು ಮಾತು. ಜೆಲಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ದೇವರ ಮನೆಗೆ ಫಲಕ ಮಾಡಿಕೊಡುವಾಗ ಮನೆಯವರಿಗೆ ಇದನ್ನು ಮೊದಲೇ ಹೇಳಿ, ಬಚ್ಚಿಡಬೇಡಿ. ಸಸ್ಯಾಹಾರಿ ಕ್ಯಾಪ್ಸೂಲ್ ಎಂದು ಸಿಗುವುದು ಸೆಲ್ಯುಲೋಸಿನದು, ಈ ಅಳತೆ ಅದಕ್ಕೆ ಹೊಂದುವುದಿಲ್ಲ.

ರೇಕು ಕೂರಿಸುವುದು

ಇಲ್ಲಿ ಆತುರ ಬೇಡ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಏಪ್ರಿಲ್ ಆದರೂ ಅಷ್ಟೇ. ಬಾಗಿಲು ಯಾರಾದರೂ ದಡಕ್ಕನೆ ತೆಗೆದರೂ ಹಾಳೆ ಮಡಚಿಕೊಳ್ಳುತ್ತದೆ, ಮಡಚಿದ್ದನ್ನು ಬಿಡಿಸಲಾಗದು. ನಾನು ಮನೆಯವರೆಲ್ಲ ಊಟ ಮುಗಿಸಿ ಮಲಗಿದ ಮೇಲೆ ಈ ಕೆಲಸಕ್ಕೆ ಕೂರುತ್ತೇನೆ.

ಗಾಜನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಹಿಂಬದಿ ನಿಮ್ಮ ಕಡೆ ಬರುವ ಹಾಗೆ ನಿಲ್ಲಿಸಿ. ಕೆಳಗೆ ಹಳೆಯ ಟವೆಲ್ ಹಾಸಿ. ಅಕ್ಷರವೆಲ್ಲ ಒಳಗೊಳ್ಳುವ ಆಯತವನ್ನು ಮುಂಬದಿಯಲ್ಲಿ ಮಾರ್ಕರ್‌ನಿಂದ ಗುರುತಿಸಿ. ಅಕ್ಷರದ ಆಕಾರಕ್ಕೆ ರೇಕು ಕತ್ತರಿಸುವ ಗೋಜಿಗೆ ಹೋಗಬೇಡಿ, ಆಯತಕ್ಕೆ ಪೂರ್ತಿ ಚಿನ್ನ ಹಾಕಬೇಕು. 25ಕ್ಕೆ 9 ಸೆಂ.ಮೀ. ಜಾಗಕ್ಕೆ ಎಂಟು ಹಾಳೆ ಹಿಡಿಯುತ್ತದೆ. ಎರಡನೇ ಸುತ್ತಿಗೆ ನಾಲ್ಕು ಇಟ್ಟುಕೊಳ್ಳಿ.

ಪುಸ್ತಕವನ್ನು ಎಡಗೈಯಲ್ಲಿ ಹಿಡಿದು ಮೇಲಿನ ಕಾಗದವನ್ನು ಹಿಂದಕ್ಕೆ ಮಡಚಿ. ಅರ್ಧ ಹಾಳೆ ಸಾಕಾದರೆ ಕಾಗದವನ್ನು ಅರ್ಧಕ್ಕೆ ಮಡಚಿ, ಆ ಅಂಚಿನ ಗುಂಟ ಉಗುರಿನಿಂದ ಮೆಲ್ಲಗೆ ಗೀರಿದರೆ ರೇಕು ಕತ್ತರಿಸಿದ ಹಾಗೆ ಬಿಡುತ್ತದೆ. ಈಗ ಟಿಪ್ಪನ್ನು ಕೆನ್ನೆಗೆ ಒಂದು ಸಲ ಸವರಿ. ಚರ್ಮದ ಇಷ್ಟೇ ಇಷ್ಟು ಎಣ್ಣೆ ರೇಕನ್ನು ಹಿಡಿದುಕೊಳ್ಳುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಕೆನ್ನೆಗೂ ಇಳಿದಿರುತ್ತದೆ, ಆಗ ಟಿಪ್ಪಿಗೆ ಜಿಡ್ಡು ಜಾಸ್ತಿಯಾಗಿ ರೇಕು ಬ್ರಷ್ ಬಿಟ್ಟು ಬರುವುದೇ ಇಲ್ಲ. ಮುಖ ತೊಳೆದುಕೊಂಡು ಹತ್ತು ನಿಮಿಷ ಬಿಟ್ಟು ಕೂತುಕೊಳ್ಳಿ.

ಅಗಲ ಬ್ರಷ್ಷನ್ನು ಅಂಟುನೀರಿನಲ್ಲಿ ಅದ್ದಿ, ಮೇಲಿನ ಮೂಲೆಯಲ್ಲಿ ಒಂದು ಹಾಳೆಗಿಂತ ಸ್ವಲ್ಪ ಜಾಸ್ತಿ ಜಾಗಕ್ಕೆ ನೀರು ಹರಿಸಿ. ಬಣ್ಣ ಬಳಿದಂತೆ ಬಳಿಯಬೇಡಿ, ಧಾರಾಳವಾಗಿ ಹರಿಯಲಿ. ಜಿಪುಣತನ ಮಾಡಿದವರ ರೇಕೆಲ್ಲ ಸುಕ್ಕಾಗಿಯೇ ಕೂರುತ್ತದೆ. ತಕ್ಷಣ ಟಿಪ್ಪಿನ ಕೂದಲ ತುದಿಯನ್ನು ಹಾಳೆಯ ಅಂಚಿಗೆ ಒಂದು ಸೆಂಟಿಮೀಟರ್‌ನಷ್ಟು ತಾಗಿಸಿ ಎತ್ತಿ. ಗಾಜಿಗೆ ಸಮನಾಗಿ ಹಿಡಿದು ಹತ್ತಿರ ತನ್ನಿ. ಕೆಲವೇ ಮಿಲಿಮೀಟರ್ ದೂರ ಇರುವಾಗ ನೀರೇ ರೇಕನ್ನು ಎಳೆದುಕೊಳ್ಳುತ್ತದೆ. ಟಪ್ ಅಂತ ಹಾರಿ ಕೂರುತ್ತದೆ. ಅದನ್ನು ಮೊದಲ ಸಲ ನೋಡಿದವರು ಉಸಿರು ಬಿಗಿಹಿಡಿಯುತ್ತಾರೆ. ಇಷ್ಟು ವರ್ಷವಾದರೂ ನನಗೆ ಆ ಕ್ಷಣ ಹಳತಾಗಿಲ್ಲ.

ಕೂತ ರೇಕು ಸುಕ್ಕುಸುಕ್ಕಾಗಿ, ಮಂಕಾಗಿ ಕಾಣುತ್ತದೆ. ಗಾಬರಿಯಾಗಬೇಡಿ. ಬೆರಳಿನಿಂದ ಸರಿಮಾಡಲು ಹೋಗಬೇಡಿ, ಹತ್ತಿಯಿಂದ ಒತ್ತಬೇಡಿ, ಊದಬೇಡಿ. ನೀರು ಕೆಳಗಿಳಿದು ಒಣಗುತ್ತಾ ಬಂದ ಹಾಗೆ ಅದೇ ರೇಕನ್ನು ಗಾಜಿಗೆ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಮುಂದಿನ ಹಾಳೆ ಹಿಂದಿನದರ ಮೇಲೆ 3-4 ಮಿ.ಮೀ. ಹತ್ತಲಿ. ನಾನು ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಬರುತ್ತೇನೆ. ಬಿರುಕು, ತೂತು ಬಿದ್ದರೆ ಈಗ ಮುಟ್ಟಬೇಡಿ, ಅದಕ್ಕೇ ಎರಡನೇ ಸುತ್ತು ಇರುವುದು.

ಗಾಜನ್ನು ಹಾಗೆಯೇ ಬಿಟ್ಟು ಏಳಿ. ಸ್ವಲ್ಪ ಹೊತ್ತು ಬಿಟ್ಟು ಮುಂದಿನಿಂದ ನೋಡಿದರೆ ಮಂಕಿನ ನಡುವೆ ಅಲ್ಲಲ್ಲಿ ಹೊಳೆಯುವ ಮಚ್ಚೆ ಮೂಡಿ, ದೊಡ್ಡದಾಗುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಕೊನೆಯ ಮಂಕು ಚುಕ್ಕಿ ಮಾಯವಾಗುವ ತನಕ ಕೈ ಹಾಕಬಾರದು. ಬೇಸಿಗೆಯಲ್ಲಿ ಒಂದೆರಡು ಗಂಟೆ ಸಾಕು. ಮಳೆಗಾಲದಲ್ಲಿ ರಾತ್ರಿಯೆಲ್ಲ ಬಿಡಿ. ಹೇರ್ ಡ್ರೈಯರ್ ಹಿಡಿದವರನ್ನು ನೋಡಿದ್ದೇನೆ, ಅರ್ಧ ರೇಕು ಗೋಡೆಗೆ ಹೋಯಿತು.

ಒಣಗಿದ ಮೇಲೆ ಮೆತ್ತನೆಯ ಹತ್ತಿಯಿಂದ ಹಗುರಾಗಿ ಸುತ್ತು ಸುತ್ತು ಸವರಿ, ಸಡಿಲ ಚೂರುಗಳನ್ನು ತೆಗೆಯಿರಿ. ಚೂರುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಿ, ಚಿನ್ನ ಅಲ್ವಾ. ಬೆಳಕಿಗೆ ಹಿಡಿದರೆ ತೂತುಗಳು ಕಾಣುತ್ತವೆ. ಅಲ್ಲಿಗೆ ಮತ್ತೆ ಅಂಟುನೀರು ಹರಿಸಿ ತುಂಡು ರೇಕು ಕೂರಿಸಿ. ಈ ಸಲ ಬ್ರಷ್ ಒಂದು ಜಾಗದ ಮೇಲೆ ಒಂದೇ ಸಲ ಹೋಗಲಿ, ಎರಡನೇ ಸಲ ಎಳೆದರೆ ಅಡಿಯ ಚಿನ್ನ ಎದ್ದುಬರುತ್ತದೆ. ಒಣಗಿಸಿ, ಮತ್ತೆ ಹತ್ತಿ ಆಡಿಸಿ. ಆಮೇಲೆ ಗಾಜನ್ನು ಬೆಚ್ಚಗೆ ಮಾಡಿಕೊಂಡು, ಚೆನ್ನಾಗಿ ಬಿಸಿಯಾದ ಡಿಸ್ಟಿಲ್ಡ್ ವಾಟರನ್ನು ಮೇಲಿನಿಂದ ಒಂದು ಸಲ ಇಳಿಬಿಡಿ. ಹೆಚ್ಚಿನ ಅಂಟು ತೊಳೆದುಹೋಗಿ ಹೊಳಪು ಏರುತ್ತದೆ. ತಣ್ಣನೆ ಗಾಜಿಗೆ ಕುದಿನೀರು ಸುರಿದರೆ ಗಾಜೇ ಸೀಳಬಹುದು, ಹುಷಾರು.

ಅಕ್ಷರ ತುಂಬುವುದು, ಮಿಕ್ಕ ಚಿನ್ನ ಒರೆಸುವುದು

ಚುಚ್ಚಿದ ಕಾಗದವನ್ನು ತಿರುಗಿಸಿ ಚಿನ್ನದ ಮೇಲಿಟ್ಟು ಚುಕ್ಕಿ ಇಳಿಸಿ. ಚುಕ್ಕಿಯ ಒಳಗೆಲ್ಲ ಬ್ಲ್ಯಾಕ್ ಜಪಾನ್ ಎಂಬ ಕಪ್ಪು ವಾರ್ನಿಶ್ ಅಥವಾ ಒಳ್ಳೆಯ ಆಯಿಲ್ ಎನಾಮಲ್‌ನಿಂದ ಅಕ್ಷರ ತುಂಬಿ. ನೀರಿನ ಅಕ್ರಿಲಿಕ್ ಬಣ್ಣ ಬಳಸಿದರೆ ಅದರ ನೀರೇ ಜೆಲಟಿನ್ ಕರಗಿಸಿ ಚಿನ್ನವನ್ನು ಸುಕ್ಕುಗಟ್ಟಿಸುತ್ತದೆ. ಸ್ಪ್ರೇ ಡಬ್ಬದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣವೂ ಬೇಡ, ಒಣಗುವಾಗ ಕುಗ್ಗಿ ರೇಕನ್ನು ಎಳೆದುಬಿಡುತ್ತದೆ. ಪೂರ್ತಿ ಒಂದು ದಿನ ಒಣಗಿಸಿ.

ಆಮೇಲೆ ಒದ್ದೆ ಹತ್ತಿಗೆ ಚಿಟಿಕೆ ಸೀಮೆಸುಣ್ಣದ ಪುಡಿ ತಾಗಿಸಿ ಮೆಲ್ಲಗೆ ಉಜ್ಜಿ. ಬಣ್ಣದ ರಕ್ಷಣೆ ಇಲ್ಲದ ಚಿನ್ನವೆಲ್ಲ ಕರಗಿದಂತೆ ಬಿಟ್ಟು ಅಕ್ಷರ ಮಾತ್ರ ಉಳಿಯುತ್ತದೆ. ಅಂಚು ಹರಕಾಗಿದ್ದರೆ ಹೊಸ ಬ್ಲೇಡಿನಿಂದ ತಿದ್ದಿ.

ಅಕ್ಷರದ ನಡುಭಾಗ ಮಂಕು, ಅಂಚು ಮಾತ್ರ ಕನ್ನಡಿಯ ಹಾಗೆ ಹೊಳೆಯಬೇಕು ಎಂದರೆ ಮೊದಲು ಅಂಚಿನ ಗೆರೆಯನ್ನಷ್ಟೇ ಬಣ್ಣದಿಂದ ತುಂಬಿ, ನಡುವಿನ ಚಿನ್ನ ಒರೆಸಿ. ಅಲ್ಲಿಗೆ ಆಯಿಲ್ ಸೈಜ್, ಅಂದರೆ ರೇಕು ಹಿಡಿಸುವ ಎಣ್ಣೆಯ ಅಂಟು, ತೆಳ್ಳಗೆ ಹಚ್ಚಿ. ನಿಧಾನದ ಜಾತಿಯದು ಹದಕ್ಕೆ ಬರಲು ಹತ್ತು ಹನ್ನೆರಡು ಗಂಟೆ ಬೇಕು. ಬೆರಳ ಗೆಣ್ಣು ತಾಗಿಸಿ ಎತ್ತಿದಾಗ ಅಂಟು ಬರದೆ ಚಿಟ್ ಅಂತ ಸದ್ದು ಬಂದರೆ ರೇಕು ಹಾಕುವ ಹೊತ್ತು. ಹಳೆಯ ಫಲಕಗಳ ಗಾಂಭೀರ್ಯ ಇರುವುದು ಈ ಎರಡು ಬಗೆಯ ಚಿನ್ನದಲ್ಲೇ. ಆದರೆ ಮೊದಲ ಫಲಕಕ್ಕೆ ಬೇಡ.

ನೆರಳು ಹಾಕುವುದಾದರೆ ಅಕ್ಷರದ ಎಡ-ಕೆಳಗೆ ಹಾಕಿ. ಬಲ-ಮೇಲೆ ಏರುವ ತಲೆಕಟ್ಟು ಬಿಡಿಯಾಗಿ, ಸ್ಪಷ್ಟವಾಗಿ ನಿಲ್ಲುತ್ತದೆ. ಹಿಂಬದಿಯಲ್ಲಿ ಬರೆಯುವಾಗ ಅದು ನಿಮಗೆ ಬಲ-ಕೆಳಗೆ ಬರುತ್ತದೆ. ನೆರಳು ಒಣಗಿದ ಮೇಲೆ ಹಿನ್ನೆಲೆಯ ಬಣ್ಣ. ಕ್ಯಾನ್ವಾಸಿನಲ್ಲಿ ಹಿನ್ನೆಲೆ ಮೊದಲು, ಇಲ್ಲಿ ಕೊನೆಗೆ. ಚಿನ್ನಕ್ಕೆ ಕಡು ಹಸಿರು ಅಥವಾ ಕಪ್ಪು ಒಪ್ಪುತ್ತದೆ. ಕೆಂಪಿನ ಮೇಲೆ ಚಿನ್ನ ದೂರದಿಂದ ಓದಲು ಬರುವುದಿಲ್ಲ.

ಕೊನೆಗೆ ಹಿಂಬದಿಗೆ ಹೊರಾಂಗಣದ ವಾರ್ನಿಶ್, ಬಣ್ಣದ ಅಂಚು ದಾಟಿ 3 ಮಿ.ಮೀ. ಗಾಜಿನ ಮೇಲೂ ಹತ್ತುವಂತೆ. ತೇವ ಒಳಗೆ ನುಸುಳುವುದು ಆ ಅಂಚಿನಿಂದಲೇ. ಒಳಗೆ ನೀರು ಹೋದರೆ ಜೆಲಟಿನ್ ಬಿಟ್ಟು ಚಿನ್ನ ಎದ್ದೇಳುತ್ತದೆ. ಗೋಡೆಗೂ ಫಲಕಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು ನೇತುಹಾಕಿ, ಬಚ್ಚಲಮನೆಯ ಹಿಂದಿನ ಗೋಡೆ ಬೇಡ. ಒರೆಸುವುದು ಮುಂಬದಿ ಮಾತ್ರ, ಒಣ ಬಟ್ಟೆಯಲ್ಲಿ. ಮನೆಯಲ್ಲಿ ಧೂಳು ಒರೆಸುವವರು ಯಾರೇ ಇರಲಿ, ಅವರಿಗೂ ಇದನ್ನು ಹೇಳಿಡಿ.