ಕಾಣೆಯ ಬಾಯಿ ನೋಡಿ ಗಾಳ ಕಟ್ಟಿ

ಕಾಣೆ ಮೀನು ಹಿಡಿಯಬೇಕಾದರೆ ಮೊದಲು ಅದರ ಬಾಯಿ ನೋಡಬೇಕು. ಮೂತಿ ಉದ್ದ, ಚೂಪು. ಬಾಯಿ ಮಾತ್ರ ಪುಟ್ಟದು, ತುಸು ಕೆಳಗೆ. ಮೇಲ್ತುಟಿ ಮೆಲ್ಲಗೆ ಎಳೆದು ನೋಡಿ, ದವಡೆ ಕೊಳವೆಯ ಹಾಗೆ ಮುಂದೆ ಬರುತ್ತದೆ. ಮರಳಿನಲ್ಲಿ ಅಡಗಿದ ಹುಳವನ್ನು ಹೀರಿ ತೆಗೆಯುವ ಬಾಯಿ ಅದು. ಅಂಗಡಿಯವರು ಕೊಡುವ ದೊಡ್ಡ ಗಾಳ ಅದರೊಳಗೆ ಹೋಗುವುದೇ ಇಲ್ಲ.

ನಾನು ಗಾಳ ಹಾಕುವುದು ಮೂಲ್ಕಿ ಹತ್ತಿರದ ಸಸಿಹಿತ್ಲು ಅಳಿವೆಯಲ್ಲಿ. ಶಾಂಭವಿ, ನಂದಿನಿ ಎರಡೂ ಹೊಳೆ ಸೇರಿ ಕಡಲಿಗೆ ಇಳಿಯುವ ಜಾಗ. ಉಪ್ಪು ಹೆಚ್ಚು ಕಡಿಮೆ ಆದರೂ ಕಾಣೆ ತಡೆದುಕೊಳ್ಳುತ್ತದೆ. ಮರಿಗಳು ಅಳಿವೆಯೊಳಗಿನ ತೆಳು ನೀರಿನಲ್ಲೇ ಬೆಳೆಯುತ್ತವೆ. ದೊಡ್ಡವು ಕಡಲಿನಲ್ಲೂ ಇರುತ್ತವೆ, ಹೆಚ್ಚಾಗಿ 20 ಮೀಟರ್ ಆಳದೊಳಗೆ, ಅದೂ ಮರಳು ತಳ ಇದ್ದಲ್ಲಿ. ಮಳೆಗಾಲದ ಕೆಂಪು ನೀರಿಗೆ ನಾನು ಇಳಿಯುವುದಿಲ್ಲ. ನವರಾತ್ರಿ ಕಳೆದು ನೀರು ತಿಳಿಯಾದ ಮೇಲೆ ಶುರು.

ಗಾಳಕ್ಕೆ ಎರೆಯಾಗಿ ಏನು ಕಟ್ಟಬೇಕು ಅಂತ ನನಗೆ ಕಲಿಸಿದ್ದು ಮೀನಿನ ಹೊಟ್ಟೆಯೇ. ಶುಚಿ ಮಾಡುವಾಗ ಕೊಯ್ದು ಬೆರಳಲ್ಲಿ ಹರಡಿ ನೋಡುತ್ತೇನೆ. ದೊಡ್ಡ ಕಾಣೆಯಲ್ಲಿ ಮರಳುಹುಳದ ತುಂಡು, ಪುಟ್ಟ ಸಿಗಡಿ, ಏಡಿಯ ಕಾಲು, ಜೊತೆಗೆ ಒಂದಿಷ್ಟು ಮರಳು. ಮರಿಗಳು ತಿನ್ನುವುದು ಕೋಪೆಪಾಡ್‌ನಂಥ ಸೂಕ್ಷ್ಮ ಜೀವಿಗಳನ್ನು, ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಕೊಯ್ದಾಗ ಗಾಳಿಚೀಲವನ್ನೂ ನೋಡಿ. ಹಿಂದೆ ಎರಡು ಕವಲಾಗಿ ಬಾಲದ ಕಡೆಗೆ ಚಾಚಿರುತ್ತದೆ. ಈ ಕುಟುಂಬದ ಮೀನುಗಳು ಹೊರಗಿನಿಂದ ಒಂದೇ ತರ ಕಾಣುತ್ತವೆ ಅಲ್ವಾ, ಹಾಗಾಗಿ ಗುರುತು ಹಿಡಿಯಲು ವಿಜ್ಞಾನಿಗಳೂ ಈ ಚೀಲದ ಆಕಾರವನ್ನೇ ನೋಡುತ್ತಾರೆ. ಪುಸ್ತಕದಲ್ಲಿ ನಮ್ಮ ಕಾಣೆ ಸಿಲ್ಲಾಗೋ ಸಿಹಾಮ. ಫೋರ್ಸ್‌ಕೋಲ್ ಎಂಬ ನಿಸರ್ಗ ವಿಜ್ಞಾನಿ ಕೆಂಪು ಸಮುದ್ರದ ಕಡೆ ಕಂಡು ಬರೆದಿಟ್ಟಿದ್ದು, ಅವನು ತೀರಿಹೋದ ಮೇಲೆ 1775ರಲ್ಲಿ ಅಚ್ಚಾಯಿತು.

ಈಗ ನಾನು ಕಟ್ಟುವುದು 8 ಅಥವಾ 10ನೇ ನಂಬರಿನ ಪುಟ್ಟ, ಉದ್ದ ಕಾಲಿನ ಗಾಳ. ತೆಳ್ಳಗಿನ ನೈಲಾನ್ ದಾರ. ಸೀಸ ತಳ ಮುಟ್ಟುವಷ್ಟು ಸಾಕು, ಜಾಸ್ತಿ ಬೇಡ. ಹುಳ ಸಿಕ್ಕರೆ ಹುಳ, ಇಲ್ಲವಾದರೆ ಸಿಪ್ಪೆ ತೆಗೆದ ಸಿಗಡಿಯ ಸಣ್ಣ ಚೂರು. ಮರುವಾಯಿಯ (ಚಿಪ್ಪುಮೀನಿನ) ಮಾಂಸವೂ ನಡೆಯುತ್ತದೆ, ಆದರೆ ಬೇಗ ಕಳಚಿ ಬೀಳುತ್ತದೆ.

ಉಬ್ಬರ ಏರುವಾಗ ಮರಳ ದಿಣ್ಣೆಯ ಮೇಲೆ ಹೊಸದಾಗಿ ನೀರು ಹತ್ತುತ್ತದಲ್ಲ, ಕಾಣೆಗಳ ಗುಂಪು ಆ ನೀರಿನ ಜೊತೆಗೇ ಮೇಯಲು ಬರುತ್ತದೆ. ದಿಣ್ಣೆಯ ಅಂಚಿಗೆ ಎಸೆದು, ಸೀಸ ಮರಳು ಕೆದಕುವಂತೆ ನಿಧಾನ ಎಳೆಯುತ್ತೇನೆ. ಸುಮ್ನೆ ಬಿಟ್ಟರೆ ಏಡಿ ತಿಂದು ಹಾಕುತ್ತದೆ. ಕಾಣೆ ಕಚ್ಚಿದರೆ ಬೆರಳಿಗೆ ಟಕ್ ಟಕ್ ಅಂತ ಗೊತ್ತಾಗುತ್ತದೆ. ಜೋರಾಗಿ ಎಳೆದರೆ ತುಟಿ ಹರಿದು ಹೋದೀತು. ಇಳಿತ ಶುರುವಾದರೆ ದಿಣ್ಣೆ ಬಿಟ್ಟು ಪಕ್ಕದ ಆಳದ ಓಣಿಗೆ ಹಾಕುತ್ತೇನೆ. ಗೇಣುದ್ದಕ್ಕಿಂತ ಸಣ್ಣದು ಬಂದರೆ ವಾಪಸ್ ನೀರಿಗೆ. ತವಾ ಫ್ರೈ ಮಾಡಲೂ ಅದರಲ್ಲಿ ಏನೂ ಇರುವುದಿಲ್ಲ.

ಬೀಸುಬಲೆಯ ಲೆಕ್ಕ ಬೇರೆ. ಬಲೆ ಬಿದ್ದ ಕೂಡಲೇ ಕಾಣೆ ತಲೆ ತಗ್ಗಿಸಿ ಮರಳಿಗೆ ಹೊಕ್ಕುಬಿಡುತ್ತದೆ. ಅವಸರದಲ್ಲಿ ಎಳೆದರೆ ಬಲೆ ಅದರ ಮೇಲಿಂದ ಜಾರಿ ಬರುತ್ತದೆ, ಖಾಲಿ. ನಮ್ಮ ಮಾವ ಬಲೆ ಬೀಸಿದರೆ ಎಳೆಯಲು ಬಿಡುತ್ತಲೇ ಇರಲಿಲ್ಲ. "ತಡಿ ಮಾರಾಯ, ಮೊದಲು ಕಾಲು ಹಾಕಿ ನೋಡು" ಅನ್ನುತ್ತಿದ್ದರು. ಬರಿಗಾಲಲ್ಲಿ ಬಲೆಯ ಒಳಗೆಲ್ಲ ಒತ್ತುತ್ತಾ ಹೋದರೆ, ಕಾಲಡಿಗೆ ಸಿಕ್ಕ ಮೀನು ಮರಳಲ್ಲೇ ಮಿಸುಕುತ್ತದೆ. ಬಲೆಯ ಮೇಲಿಂದಲೇ ಅದುಮಿ, ತಲೆಯ ಹಿಂಬದಿ ಹಿಡಿದು ತೆಗೆಯಬೇಕು. ಬೆನ್ನಿನ ಮೊದಲ ರೆಕ್ಕೆ ಪೂರ್ತಿ ಮುಳ್ಳು, ಆದರೆ ಅದೇನೂ ದೊಡ್ಡ ಅಪಾಯ ಅಲ್ಲ. ಅಪಾಯ ಇರುವುದು ತೊರಕೆ ಮೀನಿನದು. ಅದೂ ಇದೇ ಮರಳಲ್ಲಿ ಹುದುಗಿ ಮಲಗುತ್ತದೆ, ಬಾಲದಲ್ಲಿ ವಿಷದ ಮುಳ್ಳು ಬೇರೆ. ಹಾಗಾಗಿ ನೀರಲ್ಲಿ ಕಾಲು ಎತ್ತಿ ಎತ್ತಿ ಇಡಬೇಡಿ, ತಳಕ್ಕೆ ತಾಗಿಸಿ ಜಾರಿಸುತ್ತಾ ನಡೆಯಿರಿ. ಸದ್ದಿಗೆ ತೊರಕೆ ತಾನಾಗಿ ಎದ್ದು ಹೋಗುತ್ತದೆ.